ಮೀಸೆರಾಯನ ಲೋಳೆ

"ಅತ್ತೇ, ಮೊದಲು ಕೈ ತೆಗೀರಿ!"

ಅತ್ತೆ ಬೆಚ್ಚಿಬಿದ್ದು ಗಾಜಿನ ತೊಟ್ಟಿಯಿಂದ ಕೈ ಹೊರತೆಗೆದರು. ಮೊಣಕೈಯಿಂದ ನೀರು ಸುರಿಯುತ್ತಿತ್ತು. ಬ್ಯಾಂಡೇಜು ಸುತ್ತಿದ ಎಡಗಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ನಿಂತಿದ್ದ ಅವರ ಮುಖದಲ್ಲಿ ಥೇಟ್ ಸಿಕ್ಕಿಬಿದ್ದ ಕಳ್ಳನ ಕಳೆ.

"ಏನಿಲ್ಲಮ್ಮ. ಸುಮ್ನೆ ಮೀಸೆರಾಯನ್ನ ಮಾತಾಡಿಸ್ತಿದ್ದೆ."

"ಕೈ ಅದ್ದಿ ಮಾತಾಡಿಸೋದಾ?"

ಸೊಸೆಯ ಅನುಮಾನ ಇವತ್ತಿನದಲ್ಲ. ಹುರಿದ ಮೀನೆಂದರೆ ಅತ್ತೆಗೆ ಪ್ರಾಣ. ಇಸ್ತ್ರಿಪೆಟ್ಟಿಗೆ ಕಾಲ ಮೇಲೆ ಬಿದ್ದು ಹೆಬ್ಬೆರಳು ಕೀವು ಕಟ್ಟಿದಾಗಿನಿಂದ ಡಾಕ್ಟರು ಕರಿದದ್ದು, ಹುರಿದದ್ದು ಎಲ್ಲವನ್ನೂ ಬಂದ್ ಮಾಡಿದ್ದರು. ಕಣ್ಣೆದುರಿಗೇ ಮೊಳದುದ್ದದ ಮೀನು ಓಡಾಡುತ್ತಿದ್ದರೆ ಬಾಯಲ್ಲಿ ನೀರೂರದೆ ಇರುತ್ತದೆಯೇ?

ಆದರೆ ಇದು ಬಾಣಲೆಯ ಮೀನಲ್ಲ. ಸೊಸೆ ಕೆಲಸ ಮಾಡುವ ಪ್ರಯೋಗಾಲಯದ್ದು. ಅಲ್ಲಿ ಒಂದು ತೊಟ್ಟಿ ಸೋರತೊಡಗಿದಾಗ ಎರಡು ದಿನದ ಮಟ್ಟಿಗೆಂದು ಮನೆಗೆ ತಂದದ್ದು. ಮೀನಿನ ಮೈಮೇಲಿನ ಲೋಳೆಯಲ್ಲಿ ಪೆಪ್ಟೈಡ್ ಎಂಬ ಪ್ರೋಟೀನಿನ ತುಣುಕುಗಳಿರುತ್ತವೆ. ಅವು ರೋಗಾಣುಗಳ ಮೈಗೆ ತೂತು ಕೊರೆದು ಕೊಲ್ಲುತ್ತವೆ. ಆಂಟಿಬಯೋಟಿಕ್ ಮಾತ್ರೆಗಳಿಗೆ ಕ್ಯಾರೇ ಎನ್ನದ ರೋಗಾಣುಗಳಿಗೂ ಇದು ಮದ್ದಾದೀತೆಂದು ಸೊಸೆ ವರ್ಷಗಟ್ಟಲೆ ಲೋಳೆ ಕೆರೆದಿದ್ದಳು. ಪ್ರಯೋಗಾಲಯದ ಮೀನುಗಳ ಲೋಳೆ ರೋಗಾಣುಗಳಿಗೆ ಕಚಗುಳಿ ಇಟ್ಟರೆ ಹೆಚ್ಚು. ಮನೆಗೆ ಬಂದ ಈ ಮೀಸೆಯ ಮೀನಿನ ಲೋಳೆ ಮಾತ್ರ ವಾರದೊಳಗೆ ಪರೀಕ್ಷೆಯ ತಟ್ಟೆಯಲ್ಲಿ ಬೆಳೆಸಿದ್ದ ರೋಗಾಣುಗಳನ್ನೆಲ್ಲ ಗುಡಿಸಿಹಾಕಿತು. ಸೊಸೆ ಅದನ್ನು ವಾಪಸು ಒಯ್ಯಲೇ ಇಲ್ಲ.

ಮೀಸೆರಾಯ ಎಂದು ಹೆಸರಿಟ್ಟವರು ಅತ್ತೆಯೇ. "ನಿನ್ನ ಮಾವಂದೇ ಮೀಸೆ ನೋಡು. ಪಾಪ, ನನ್ನ ತಟ್ಟೇಲಿ ನಂಗೆ ಸೇರದ್ದು ಏನುಳಿದ್ರೂ ತುಟಿಪಿಟಕ್ ಅನ್ನದೆ ತಾವೇ ತಿಂದುಬಿಡೋರು," ಎಂದು ಕಣ್ಣೊರೆಸಿಕೊಂಡಿದ್ದರು. ಊಟ ಮುಗಿಸಿ ಅವರು ತೊಟ್ಟಿಯ ಪಕ್ಕದ ಕುರ್ಚಿಗೆ ಬಂದರೆ ಸಾಕು, ಮೀಸೆರಾಯ ಮೇಲೆದ್ದು ಬಾಯಿ ತೆರೆಯುತ್ತಿದ್ದ. ಹುರಿಯುವುದಕ್ಕೆ ಮುಂಚೆ ಕೊಬ್ಬಿಸುತ್ತಿದ್ದಾರೆ ಎಂದುಕೊಂಡಳು ಸೊಸೆ.

ಪ್ರಯೋಗಾಲಯದ ನಿರ್ದೇಶಕರು ಕಾರಣ ಹುಡುಕಿ ಹುಡುಕಿ ಹೈರಾಣಾದರು. ತಳಿ ಅದೇ, ನೀರು ಅದೇ, ಮೇವು ಅದೇ. ಉಳಿದದ್ದು ಮನೆಯ ವಾತಾವರಣ. ಸರಿ, ಪ್ರಯೋಗಾಲಯದ ತೊಟ್ಟಿಗಳ ಮುಂದೆ ಸೋಫಾ ಬಂತು, ಹೂವಿನ ಚಿತ್ರದ ಪರದೆ ಬಂತು, ಸಂಜೆಯ ಧಾರಾವಾಹಿಗೆಂದು ಟಿವಿಯೂ ಬಂತು. ಮೀನುಗಳು ಧಾರಾವಾಹಿ ನೋಡಿದವು. ಲೋಳೆ ಮಾತ್ರ ಅದೇ ಸಪ್ಪೆ. ಮೀಸೆರಾಯನದೋ ವಾರದಿಂದ ವಾರಕ್ಕೆ ಜೋರಾಗುತ್ತಿತ್ತು.

"ಒಬ್ರು ಅತ್ತೆ ಬೇಕೇನೋಮ್ಮ," ಎಂದರು ನಿರ್ದೇಶಕರು, ಗಂಭೀರವಾಗಿಯೇ.

ಇತ್ತ ಅತ್ತೆಯ ಹೆಬ್ಬೆರಳು ಕಪ್ಪಾಗುತ್ತಿತ್ತು. ಡಾಕ್ಟರು ಮಾತ್ರೆ ಬದಲಿಸಿದರು. ಆಮೇಲೆ ಅದಕ್ಕಿಂತ ಕಟುವಾದದ್ದನ್ನು ಬರೆದರು. ಕಸದ ಬುಟ್ಟಿಗೆ ಮಾತ್ರೆಯ ಖಾಲಿ ಪಟ್ಟಿಗಳು ಬೀಳುತ್ತಲೇ ಇದ್ದವು, ಗಾಯ ಜಗ್ಗಲಿಲ್ಲ.

"ಮಹಾ ಹಠಮಾರಿ ರೋಗಾಣು. ಯಾವ ಮಾತ್ರೆಗೂ ಹೆದರ್ತಿಲ್ಲ," ಎಂದು ಡಾಕ್ಟರು ಮೊನ್ನೆ ಕೈಚೆಲ್ಲಿದ್ದರು. "ಮುಂದಿನ ವಾರಕ್ಕೂ ಹೀಗೇ ಇದ್ರೆ ಬೆರಳು ತೆಗೀಲೇಬೇಕು."

ಅತ್ತೆ ಮಗುವಿನ ಹಾಗೆ ಅತ್ತಿದ್ದರು. "ಬೆರಳಿಲ್ದೆ ಚಪ್ಪಲಿ ಹೇಗೆ ನಿಲ್ಲುತ್ತೆ ಕಾಲಲ್ಲಿ?" ಎಂದು ಕೇಳಿದ್ದರು. ಸೊಸೆಯೇ ಅವರ ಕಣ್ಣೊರೆಸಿದ್ದಳು. ಆ ಬೆರಳನ್ನು ಉಳಿಸುವ ಮದ್ದೇನಾದರೂ ಇದ್ದರೆ ಅದು ಈ ತೊಟ್ಟಿಯಲ್ಲಿ. ಅದನ್ನೇ ಹುರಿದು ತಿನ್ನಲು ಹೊರಟಿದ್ದಾರಲ್ಲ ಈ ಮಹಾತಾಯಿ!

ಸೊಸೆ ತೊಟ್ಟಿಯ ಮುಚ್ಚಳಕ್ಕೆ ಬೀಗ ಜಡಿದಳು. ಬೀಗದ ಕೈ ತನ್ನ ಚೀಲ ಸೇರಿತು.

"ಅಯ್ಯೋ, ಬೀಗ ಯಾಕೇ? ಊಟ ಆದ್ಮೇಲೆ ಎರಡೇ ನಿಮಿಷ ತೆಗಿಯೇ ತಾಯಿ."

"ಬಾಯಿಚಪಲ ಬಿಡಿ ಅತ್ತೆ."

"ನನ್ನ ಬಾಯಿ ಕಷ್ಟ ನಿನಗೇನು ಗೊತ್ತು?"

ಅವತ್ತೇ ಸೊಸೆ, ನಿಯಮ ಗಿಯಮ ಎಲ್ಲ ಗಾಳಿಗೆ ತೂರಿ, ಮೀಸೆರಾಯನ ಮೈಯಿಂದ ಲೋಳೆ ಕೆರೆದು ಅತ್ತೆಯ ಬೆರಳಿಗೆ ಹಚ್ಚಿದಳು. ಮಾರನೆಯ ದಿನವೂ ಹಚ್ಚಿದಳು. ಅತ್ತೆ ಮಾತು ಬಿಟ್ಟರು. ಊಟವಾದ ಮೇಲೆ ಮುಖ ಹಿಂಡಿಕೊಂಡು ಚೊಂಬುಗಟ್ಟಲೆ ನೀರು ಕುಡಿಯುತ್ತ ಕೂರುತ್ತಿದ್ದರು. ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ಬೆರಳು ಉಳಿಯಲಿ ಎಂದು ಸೊಸೆ ಸುಮ್ಮನಾದಳು.

ಕೀವು ನಿಂತಿತು. ಊತ ಇಳಿಯಿತು. ವಾರ ಕಳೆಯುವಷ್ಟರಲ್ಲಿ ಕಪ್ಪು ಹೋಗಿ ಎಳೆಯ ಕೆಂಪು ಚರ್ಮ ಮೂಡಿತು. ಡಾಕ್ಟರು ಬೆರಳನ್ನು ಹಿಂದೆ ಮುಂದೆ ತಿರುಗಿಸಿ ಕಕ್ಕಾಬಿಕ್ಕಿಯಾದರು. ಸೊಸೆ ಗುಟ್ಟು ಬಿಟ್ಟುಕೊಟ್ಟಳು. ಲೋಳೆ! ಆ ಸಂಜೆಯೇ ಡಾಕ್ಟರು ಮೀನನ್ನು ನೋಡಲು ಮನೆಗೆ ಬಂದರು. ನಿರ್ದೇಶಕರೂ ಬಂದರು, ಹಿಂದಿನ ದಿನದ ಲೋಳೆ ಹಾಕಿದ ತಟ್ಟೆಯನ್ನು ಹಸುಗೂಸಿನಂತೆ ಎದೆಗವಚಿಕೊಂಡು.

ಮುಚ್ಚಳ ತೆಗೆದರು. ತಟ್ಟೆಯ ತುಂಬ ರೋಗಾಣುಗಳ ಸಂತೆ. ಒಂದೇ ಒಂದೂ ಸತ್ತಿರಲಿಲ್ಲ.

ಸೊಸೆ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ನಿರ್ದೇಶಕರು ತೊಟ್ಟಿಯ ಕಡೆ ತಿರುಗಿ ಕೈಮುಗಿದರು. "ಇದ್ದ ಬಲವನ್ನೆಲ್ಲ ನಿಮ್ಮ ಬೆರಳಿಗೆ ಧಾರೆಯೆರೆದುಬಿಟ್ಟ ಕಣಮ್ಮಾ. ತ್ಯಾಗಜೀವಿ."

ಡಾಕ್ಟರು ಅಷ್ಟು ಸುಲಭಕ್ಕೆ ಕರಗುವವರಲ್ಲ. "ಈ ವಾರ ಮನೇಲಿ ಏನೋ ಬದಲಾಗಿರ್ಬೇಕು. ನೆನಪು ಮಾಡ್ಕೊಳ್ಳಿ," ಎಂದರು.

ಎಲ್ಲರೂ ಅತ್ತೆಯ ಮುಖ ನೋಡಿದರು. ಅತ್ತೆ ವಾರದಿಂದ ಕಟ್ಟಿಕೊಂಡಿದ್ದ ಬಾಯಿ ಬಿಟ್ಟರು.

"ಇನ್ನೇನು ಬದಲಾಗುತ್ತೆ ಡಾಕ್ಟ್ರೇ, ಇವಳು ತೊಟ್ಟಿಗೆ ಬೀಗ ಹಾಕಿದ್ಲು, ನೀವು ಕೊಟ್ಟ ದರಿದ್ರ ಕಹಿ ಮಾತ್ರೇನೆಲ್ಲ ನಾನೇ ನುಂಗಬೇಕಾಯ್ತು!"