ತೆನೆಗೆ ಕಟ್ಟಿದ ಚೀಟಿ

ಮೂವತ್ತಾರು ಭತ್ತದ ತೆನೆಗಳಿಗೂ ಚೀಟಿ ಕಟ್ಟಿತ್ತು. ಒಂದರಲ್ಲೂ ಅಕ್ಷರ ಇರಲಿಲ್ಲ.

ಸುಶಮೀಂದ್ರ ಮೊದಲ ಚೀಟಿಯನ್ನು ತಿರುಗಿಸಿ ನೋಡಿದ. ಎರಡನೆಯದನ್ನು ನೋಡಿದ. ಆಮೇಲೆ ಕುಂಡಗಳ ಸಾಲಿನುದ್ದಕ್ಕೂ ಬೇಗ ಬೇಗ ನಡೆದ. ಕೆಲವುಗಳಲ್ಲಿ ತಿಳಿನೀಲಿ ಕಲೆ, ಉಳಿದವೆಲ್ಲ ಬಿಳಿ. ತಾಯಿಯ ಹದಿಮೂರನೆಯ ದಿನದ ಕರ್ಮ ಮುಗಿಸಿ ಅವನು ಪೆರುಂಗುಡಿಯ ಆಚೆಗಿದ್ದ ಈ ಸಂಶೋಧನಾಲಯಕ್ಕೆ ಮರಳಿದ್ದು ಅಂದು ಬೆಳಿಗ್ಗೆಯೇ. ಬೋಳಿಸಿದ ತಲೆಯ ಮೇಲೆ ನೆಟ್‌ಹೌಸಿನ ಬಲೆಯಿಂದ ಹನಿ ಬೀಳುತ್ತಿತ್ತು. ನವೆಂಬರ್ ಮಳೆ ಐದು ದಿನದಿಂದ ಬಿಟ್ಟಿರಲಿಲ್ಲ.

"ಭಾವನಾ, ಇವು ನನ್ನ ಚೀಟಿಗಳಲ್ಲ."

"ನಾನೇ ಹೊಸದು ಕಟ್ಟಿದೆ ಅಣ್ಣಾ," ಎಂದಳು ಭಾವನಾ. ಜುಲೈಯಲ್ಲಷ್ಟೇ ಪಿಎಚ್‌ಡಿಗೆ ಸೇರಿದ ಹುಡುಗಿ, ಪುರಸೈವಾಕ್ಕಂನ, ತಮಿಳು ಬೆರೆತ ಕನ್ನಡದ ಮನೆಯವಳು. "ನಿಮ್ದು ಎಲ್ಲಾ ಮಣ್ಣಾಗಿ ಅಸಿಂಗವಾಗಿತ್ತು. ಕಮಿಟಿಯೋರು ನೋಡಕ್ಕೆ ಬರ್ತಾರೆ ಅಂದ್ರು. ಒಂದೊಂದೇ ನೋಡಿ ಕಾಪಿ ಮಾಡ್ದೆ. ಒಂದೂ ತಪ್ಪಿಲ್ಲ."

"ಯಾವುದರಲ್ಲಿ ಬರೆದೆ?"

"ಜೆಲ್ ಪೆನ್ನಲ್ಲಿ."

"ಹಳೇ ಚೀಟಿಗಳು?"

"ಕುಪ್ಪೆತೊಟ್ಟಿಗೆ ಹಾಕ್ದೆ. ಅವತ್ತೇ ಸುಟ್ಟುಬಿಟ್ರು," ಎಂದವಳು ಅವನ ಕೈಯಲ್ಲಿದ್ದ ಚೀಟಿಯನ್ನು ನೋಡಿದಳು.

ಗದ್ದೆಗೆ ಪೆನ್ನು ತರಬಾರದು ಎಂಬುದು ಈ ಕೆಲಸದ ಮೊದಲ ಪಾಠ. ಶಾಯಿ ನೀರಿಗೆ ಹೋಗುತ್ತದೆ, ಪೆನ್ಸಿಲ್ ಹೋಗುವುದಿಲ್ಲ. ಸುಶಮೀಂದ್ರನ ಕಿವಿಯ ಸಂದಿಯಲ್ಲಿ ಸದಾ ಇರುತ್ತಿದ್ದ ಪೆನ್ಸಿಲನ್ನು ಅವನ ಎರಡನೇ ಜನಿವಾರ ಎಂದು ಲ್ಯಾಬಿನವರು ಆಡಿಕೊಳ್ಳುತ್ತಿದ್ದರು. ಆದರೆ ಆ ಪಾಠವನ್ನು ಈ ಹುಡುಗಿಗೆ ಹೇಳಿಕೊಡಬೇಕಾಗಿದ್ದವನೂ ಅವನೇ. ಆಸ್ಪತ್ರೆ, ನೆಟ್‌ಹೌಸ್ ಎಂದು ಓಡಾಡುವುದರಲ್ಲಿ ಹೇಳಲು ಪುರುಸೊತ್ತಾಗಿರಲಿಲ್ಲ.

ನಾಲ್ಕು ವರ್ಷದ ದುಡಿಮೆ ಈ ಮೂವತ್ತಾರು ತೆನೆಗಳಿಗೆ ಬಂದು ನಿಂತಿತ್ತು. ಉಪ್ಪು ನೀರಿಗೂ ಜಗ್ಗದ ಭತ್ತ ಬೇಕೆಂದು, ಒಂದೇ ತಾಯಿ ತಳಿಗೆ ಮೂರು ಕರಾವಳಿಯ ಭತ್ತಗಳ ಪರಾಗ ಹಾಕಿದ್ದ: ಕುಮಟೆಯ ಕಗ್ಗ, ಕೇರಳದ ಪೊಕ್ಕಾಳಿ, ನಾಗಪಟ್ಟಣದ ಕಡೆಯ ಕಳರ್ ಪಾಲೈ. ಯಾವ ತೆನೆಗೆ ತಂದೆ ಯಾವುದು ಎಂದು ಚೀಟಿ ಹೇಳಬೇಕು. ಕಾಳನ್ನು ನೋಡಿ ಹೇಳುವುದು ಯಾರಿಂದಲೂ ಆಗದು, ಡಿಎನ್‌ಎ ನೋಡಿಸುವ ಅನುಕೂಲ ಆ ಲ್ಯಾಬಿಗೆ ಆಗಿನ್ನೂ ಇರಲಿಲ್ಲ. ಮತ್ತೆ ಮಾಡುವುದೆಂದರೆ ಇನ್ನೊಂದು ವರ್ಷ. ಅವನ ಫೆಲೋಶಿಪ್ ಮಾರ್ಚಿಗೆ ಮುಗಿಯುತ್ತಿತ್ತು.

"ಕೃಷ್ಣಪ್ರಸಾದ್ ಸರ್‌ಗೆ ಗೊತ್ತಾದ್ರೆ ನನ್ನ ತೆಗೆದುಹಾಕ್ತಾರೆ," ಎಂದಳು ಭಾವನಾ. ಗೈಡ್ ಅಂಥವರೇ ಎಂಬುದು ಇಬ್ಬರಿಗೂ ಗೊತ್ತು. "ಆದ್ರೆ ನಿಮ್ ನೋಟ್‌ಬುಕ್ಕಲ್ಲಿ ಇರತ್ತೆ ಅಲ್ವಾ ಅಣ್ಣಾ? ನೀವು ದಿನಾ ಸಾಯಂಕಾಲ ಎಂಟ್ರಿ ಹಾಕ್ತೀರಲ್ಲ."

ಅವನು ಚೀಲದಿಂದ ನೋಟ್‌ಬುಕ್ ತೆಗೆದ. ಕೊನೆಯ ದಾಖಲೆ ಅಕ್ಟೋಬರ್ ಹದಿನೇಳನೇ ತಾರೀಖಿನದು. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದು ಮಾರನೇ ದಿನ. ಆಮೇಲೂ ಬೆಳಿಗ್ಗೆ ಇಲ್ಲಿಗೆ ಬಂದು ಈ ಮೂವತ್ತಾರು ತೆನೆಗಳಿಗೆ ಪರಾಗ ಹಾಕಿ ಚೀಟಿ ಕಟ್ಟಿ ಹೋಗುತ್ತಿದ್ದ. ಚೀಟಿಯಲ್ಲಿದೆಯಲ್ಲ, ಮುಂದೆ ಎತ್ತಿ ಬರೆದುಕೊಂಡರಾಯಿತು ಎಂದುಕೊಂಡಿದ್ದ. ಮುಂದಿನ ಹಾಳೆಯಲ್ಲಿ ಅವನದೇ ಅಕ್ಷರ, ಪೆನ್ಸಿಲಿನದು: ವಾರ್ಡ್ ನಾಲ್ಕು, ಬೆಡ್ ಹನ್ನೊಂದು. ರಕ್ತ ಓ ಪಾಸಿಟಿವ್, ಎರಡು ಬಾಟಲಿ. ಎಳನೀರು ಕೊಡಬಾರದು. ಅಮ್ಮನ ಕನ್ನಡಕ ತರಬೇಕು. ಅದರ ಕೆಳಗೆ ಏನೂ ಇರಲಿಲ್ಲ.

ಇಲ್ಲ ಎನ್ನಬೇಕಿತ್ತು. ಅವನಿಗೆ ಹುಡುಗಿಯ ಮೇಲೆ ಸಿಟ್ಟಿತ್ತು, ತನ್ನ ಮೇಲೆ ಅದಕ್ಕಿಂತ ಹೆಚ್ಚು. ಮಾರ್ಚಿನ ಭಯವೂ ಇತ್ತು. ಆದರೆ ಹದಿನೈದು ದಿನದಿಂದ ಫೋನು ಮಾಡಿದವರಿಗೆಲ್ಲ, ಬಾಗಿಲಿಗೆ ಬಂದವರಿಗೆಲ್ಲ ಅಮ್ಮ ಇಲ್ಲ, ಅಮ್ಮ ಇಲ್ಲ ಎಂದು ಹೇಳಿ ಹೇಳಿ ಆ ಒಂದು ಮಾತು ಅವನಿಗೆ ಸಾಕಾಗಿ ಹೋಗಿತ್ತು.

"ಇದೆ," ಎಂದ.

ಭಾವನಾ ಸೆರಗಿನಂತೆ ಹೊದ್ದಿದ್ದ ದುಪಟ್ಟಾದಿಂದ ಮುಖ ಒರೆಸಿಕೊಂಡಳು. ಓಡಿಹೋಗಿ ಹೊಸ ಚೀಟಿಗಳ ಕಟ್ಟು ತಂದಳು. ಅವನು ಕಿವಿಯ ಸಂದಿಯ ಪೆನ್ಸಿಲನ್ನು ಅವಳ ಕೈಗೆ ಕೊಟ್ಟ, ಹಾಳೆ ಅವಳಿಗೆ ಕಾಣದಂತೆ ನೋಟ್‌ಬುಕ್ಕನ್ನು ಎದೆಗೆ ಹತ್ತಿರ ಹಿಡಿದುಕೊಂಡ.

"ಮೊದಲ ಕುಂಡ, ಒಂದನೇ ತೆನೆ. ಕಗ್ಗ. ಅಕ್ಟೋಬರ್ ಹದಿನೆಂಟು," ಎಂದು ಓದಿದ. ಅವನ ಕಣ್ಣು ಬೆಡ್ಡಿನ ನಂಬರಿನ ಮೇಲಿತ್ತು.

"ಎರಡನೇದೂ ಕಗ್ಗಾನಾ?"

"ಅಲ್ಲ. ಪೊಕ್ಕಾಳಿ. ಅದೇ ದಿನ."

ಎಷ್ಟು ಸಲೀಸಾಗಿ ಬರುತ್ತಿದೆ ಎಂದು ಅವನಿಗೇ ಭಯವಾಯಿತು. ಒಂದೆರಡು ಕಡೆ ತನ್ನ ಅಕ್ಷರ ತನಗೇ ತಿಳಿಯದವನಂತೆ ತಡೆದು, ಹಾಳೆಯನ್ನು ಬೆಳಕಿಗೆ ಹಿಡಿದು ಓದಿದ. ಭಾವನಾ ಒಂದೊಂದನ್ನೂ ಬಾಯಿಬಿಟ್ಟು ಹೇಳಿಕೊಂಡು, ಒತ್ತಿ ಬರೆದು, ದಾರ ಬಿಗಿದು ಕಟ್ಟಿದಳು. ಮೂವತ್ತಾರು ಮುಗಿಯುವ ಹೊತ್ತಿಗೆ ಗಂಟೆ ಹನ್ನೆರಡಾಗಿತ್ತು.

ಕೊನೆಯ ಚೀಟಿಯ ಮೇಲೆ ಅವಳು ಮಗ್ಗಿನಿಂದ ನೀರು ಸುರಿದು, ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿ ನೋಡಿದಳು. ಅಕ್ಷರ ಹಾಗೆಯೇ ಇತ್ತು. ಬೆಳಗಿನಿಂದ ಮೊದಲ ಸಲ ಅವಳು ನಕ್ಕಳು.

"ಎಷ್ಟು ಮಳೆ ಬಂದ್ರೂ ಇನ್ನು ಹೋಗಲ್ಲ ಅಲ್ವಾ ಅಣ್ಣಾ?"

ಸುಶಮೀಂದ್ರ ನೋಟ್‌ಬುಕ್ ಮುಚ್ಚಿದ.

"ಹೋಗಲ್ಲ," ಎಂದ.