ಕಾಶವ್ವ ಕೊಡದ ರೊಟ್ಟಿ

ಮೊದಲೇ ಹೇಳಿಬಿಡುತ್ತೇನೆ... ಇದರಲ್ಲಿ ಪವಾಡ ಇಲ್ಲ. ಕೊನೆಗೆ ಎಲ್ಲವೂ ಸರಿಹೋಗುವ ಕಥೆಯೇ ಬೇಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಗದಗದ ನಮ್ಮ ಓಣಿಯಲ್ಲಿ ಕಾಶವ್ವ ಅಂತ ಒಬ್ಬ ತಾಯಿ ಇದ್ದಾಳೆ. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುವುದು ಅವಳ ಕೆಲಸ. ಅವಳ ಒಬ್ಬಳೇ ಮಗಳು ಶಿವಲೀಲಾ, ಬಸ್ ಕಂಡಕ್ಟರ್.

ನಾಲ್ಕು ವರ್ಷದಿಂದ ಶಿವಲೀಲಾಳಿಗೆ ಹೊಟ್ಟೆಯದ್ದೇ ಕಾಟ. ಉಬ್ಬರ, ನೋವು, ದಿನಕ್ಕೆ ಆರೇಳು ಸಲ ಭೇದಿ... ತೂಕ ಇಳಿಯಿತು, ಕೂದಲು ಉದುರಿತು, ಎಷ್ಟು ಮಾತ್ರೆ ನುಂಗಿದರೂ ಮೈಗೆ ರಕ್ತ ಹತ್ತಲಿಲ್ಲ.

ಒಂದು ಮಧ್ಯಾಹ್ನ ಹಳ್ಳಿಯ ರೂಟಿನಲ್ಲಿ ತಡೆಯಲಾಗದೆ ಬಸ್ ನಿಲ್ಲಿಸಿ ಹೊಲದ ಕಡೆ ಓಡಿದಳು. ಬಸ್ಸಿನ ತುಂಬ ಜನ ಕಾಯುತ್ತಿದ್ದರು. ವಾಪಸ್ ಬರುವಾಗ ಯಾರೋ ಸಿಳ್ಳೆ ಹಾಕಿದರಂತೆ...

ಅವತ್ತಿನಿಂದ ರಜೆ ಹಾಕಿ ಮನೆಯಲ್ಲೇ ಕೂತಳು.

ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಡಿ ಎಂದು ಅರ್ಜಿ ಹಾಕಿದಳು. ಕೊಡೋಣ, ಆದರೆ ಕಾಯಿಲೆಯ ಹೆಸರು ಬರೆದ ಡಾಕ್ಟರ್ ಸರ್ಟಿಫಿಕೇಟ್ ತನ್ನಿ ಎಂದರು. ಹೆಸರು? ಅದೇ ಯಾರಿಗೂ ಗೊತ್ತಿರಲಿಲ್ಲ.

ಒಬ್ಬ ಡಾಕ್ಟರ್ ಗ್ಯಾಸ್ ಎಂದರು. ಇನ್ನೊಬ್ಬರು ಜಂತುಹುಳು ಎಂದರು. ಮೂರನೆಯವರು, "ಟೆನ್ಶನ್ ಬಿಡ್ರಿ, ಮದುವಿ ಮಾಡ್ಕೋರಿ, ಎಲ್ಲಾ ಸರಿ ಆಕ್ಕೈತಿ" ಎಂದು ನಕ್ಕರು.

ಓಣಿಯವರು ಸೋಗು ಎಂದರು. ಡ್ಯೂಟಿ ತಪ್ಪಿಸಿಕೊಳ್ಳುವ ಆಟ ಎಂದರು. ಹಾಗೆ ಅಂದವರಲ್ಲಿ ನಾನೂ ಒಬ್ಬಳು. ಈಗ ಇದನ್ನು ಟೈಪ್ ಮಾಡುವಾಗ ನಾಚಿಕೆಯಾಗುತ್ತಿದೆ.

ನಂಬಿದ್ದು ಕಾಶವ್ವ ಒಬ್ಬಳೇ.

ಮಗಳ ಹೊಟ್ಟೆ ಕೆಟ್ಟ ದಿನದಿಂದಲೇ ಅವಳಿಗೆ ಜೋಳದ ರೊಟ್ಟಿ ಬಂದ್ ಮಾಡಿದ್ದಳು. ನಮ್ಮ ಕಡೆ ಹಾಗೇ ಅಲ್ಲವೇ... ರೊಟ್ಟಿ ಗಟ್ಟಿ ಜೀವಕ್ಕೆ, ಚಪಾತಿ ಬೇನೆ ಬಿದ್ದವರಿಗೆ! ಬೆಳಿಗ್ಗೆ ಗೋಧಿ ರವೆಯ ಗಂಜಿ, ಮಧ್ಯಾಹ್ನ ಹಾಲಿನಲ್ಲಿ ನೆನೆಸಿದ ಮೆತ್ತನೆಯ ಚಪಾತಿ, ಸಂಜೆ ಚಹಾಕ್ಕೆ ಬ್ರೆಡ್ಡು.

"ಅವ್ವಾ, ಒಂದು ಬಿಸಿ ರೊಟ್ಟಿ ಕೊಡಬೇ... ಡ್ಯೂಟಿ ಮ್ಯಾಲೆ ಖಾನಾವಳ್ಯಾಗ ಅದನ್ನ ತಿಂದ ದಿನಾ ಹೊಟ್ಟಿ ಹಗರ ಇರತೈತಿ" ಎಂದು ಶಿವಲೀಲಾ ಎಷ್ಟೋ ಸಲ ಬೇಡಿದ್ದಳು.

"ಹುಚ್ಚಿ ಅದಿಯೇನ? ರೊಟ್ಟಿ ಜಡ ಆಕ್ಕೈತಿ. ಸುಮ್ನ ಗಂಜಿ ಕುಡಿ."

ಮಗಳು ಸೊರಗಿದಷ್ಟೂ ಗಂಜಿಯ ಬಟ್ಟಲು ದೊಡ್ಡದಾಯಿತು.

ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬ ಲೇಡಿ ಡಾಕ್ಟರ್, ಅಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆ ಕೇಳಿದರು. "ದಿನಾ ಊಟಕ್ಕ ಏನ್ ಕೊಡತೀರಿ?"

ಕಾಶವ್ವ ಹೆಮ್ಮೆಯಿಂದಲೇ ಹೇಳಿದಳು. ಗಂಜಿ, ಚಪಾತಿ, ಬ್ರೆಡ್ಡು...

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿದರು. "ಇದು ಸೀಲಿಯಾಕ್ ಇರಬಹುದು ನೋಡ್ರಿ. ಈ ಕಾಯಿಲಿ ಇದ್ದವರಿಗೆ ಗೋಧಿ ಕರುಳನ್ನ ಒಳಗಿಂದ ಹಾಳು ಮಾಡತದ. ಜೋಳಾ ಏನೂ ಮಾಡೂದಿಲ್ಲ."

"ಅಂದ್ರ... ನಾಕ್ ವರ್ಷ ನಾನ ನನ್ನ ಮಗಳಿಗೆ ವಿಷಾ ಉಣಿಸಿದಂಗಾತಲ್ರೀ ಡಾಕ್ಟರ್ ಬಾಯಾರ!" ಕಾಶವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಮಗಳು ಅವಳನ್ನು ಸಮಾಧಾನ ಮಾಡುತ್ತಾ ಕೂತಳು.

ಆಗ ಡಾಕ್ಟರ್ ಹೇಳಿದ ಇನ್ನೊಂದು ಮಾತು ಇಬ್ಬರ ಕಿವಿಗೂ ಬೀಳಲಿಲ್ಲ. "ಟೆಸ್ಟ್ ಆಗೂತನಕ ಗೋಧಿ ಬಿಡಬ್ಯಾಡ್ರಿ."

ಮನೆಗೆ ಬಂದವಳೇ ಕಾಶವ್ವ ಗೋಧಿಯ ಡಬ್ಬಿಗಳನ್ನೆಲ್ಲ ಓಣಿಯವರಿಗೆ ಕೊಟ್ಟುಬಿಟ್ಟಳು. ನನಗೂ ಎರಡು ಸೇರು ಬಂತು. ಟೆಸ್ಟಿಗೆ ಸಿಕ್ಕಿದ್ದು ನಾಲ್ಕು ತಿಂಗಳ ನಂತರದ ತಾರೀಖು. ಅಷ್ಟರಲ್ಲಿ ಮಗಳ ಮುಖಕ್ಕೆ ಸ್ವಲ್ಪ ಕಳೆ ಬಂದಿತ್ತು...

ರಕ್ತ ಪರೀಕ್ಷೆ, ಎಂಡೋಸ್ಕೋಪಿ ಎರಡೂ ಆದವು. ಏನೂ ಸ್ಪಷ್ಟವಾಗಿ ಕಾಣಲಿಲ್ಲ.

"ಗೋಧಿ ಬಿಟ್ಟಿದ್ರ್ಯಾ?" ಡಾಕ್ಟರ್ ತಲೆಯ ಮೇಲೆ ಕೈ ಇಟ್ಟುಕೊಂಡರು. "ಗೋಧಿ ತಿಂತಿದ್ರಷ್ಟ ಟೆಸ್ಟಿನ್ಯಾಗ ಗೊತ್ತಾಗತದ. ಜೀವನಪೂರ್ತಿ ಪಥ್ಯದ ಕಾಯಿಲಿ, ಅಂದಾಜಿನ ಮ್ಯಾಲೆ ಹೆಸರು ಬರಿಯಾಕ ಆಗೂದಿಲ್ಲ. ಆರು ವಾರ ದಿನಾ ಗೋಧಿ ತಿನ್ನಿಸ್ರಿ. ತೀರಾ ತಡಿಲಿಕ್ಕಾಗಲಿಲ್ಲಂದ್ರ ಫೋನ್ ಮಾಡ್ರಿ."

ಯೋಚಿಸಿ ನೋಡಿ... ಗೊತ್ತಿಲ್ಲದೆ ಕೊಟ್ಟಿದ್ದನ್ನು, ಈಗ ಗೊತ್ತಿದ್ದೂ ಕೊಡಬೇಕು!

ಮರುದಿನ ನಾನು ಅವರ ಮನೆಗೆ ಹೋದಾಗ ಕಾಶವ್ವ ಚಪಾತಿ ಲಟ್ಟಿಸುತ್ತಿದ್ದಳು. ಬೇಯಿಸಿದಳು, ಆದರೆ ಮಗಳ ತಾಟಿಗೆ ಹಾಕಲು ಅವಳಿಂದ ಆಗಲಿಲ್ಲ.

ಶಿವಲೀಲಾ ತಾನೇ ಎದ್ದು ಹಂಚಿನ ಮೇಲಿಂದ ತೆಗೆದುಕೊಂಡಳು. "ನೀ ಉಣಿಸಾಕತ್ತಿಲ್ಲಬೇ ಅವ್ವಾ... ನಾನ ತಿನ್ನಾಕತ್ತೇನಿ."

ನಾಲ್ಕನೇ ದಿನಕ್ಕೆ ನೋವು ವಾಪಸ್ ಬಂತು. ಮಗಳು ಬಚ್ಚಲಿನ ಒಳಗೆ, ತಾಯಿ ಬಾಗಿಲ ಹೊರಗೆ ನೀರಿನ ತಂಬಿಗೆ ಹಿಡಿದುಕೊಂಡು... ಇಬ್ಬರೂ ಅಳುವುದು ಕೇಳಿಸುತ್ತಿತ್ತು.

ಈಗ ಮೂರನೇ ವಾರ. ಇನ್ನೂ ಮೂರು ವಾರ ಇದೆ. ಅಷ್ಟಾದರೂ ಟೆಸ್ಟಿನಲ್ಲಿ ಹೆಸರು ಸಿಗುತ್ತದೋ ಇಲ್ಲವೋ, ಯಾರೂ ಮಾತು ಕೊಟ್ಟಿಲ್ಲ. ಸಿಗುತ್ತದೆ ಎಂದು ಹೇಳಲು ನನಗಂತೂ ಧೈರ್ಯ ಇಲ್ಲ.

ನಿನ್ನೆ ಸಂಜೆ ಹೋಗಿದ್ದೆ. ಚಪಾತಿ ನುಂಗಿ ಸುಸ್ತಾಗಿ ಗೋಡೆಗೆ ಒರಗಿದ್ದ ಮಗಳ ಪಕ್ಕ ಕೂತು ಕಾಶವ್ವ ಮೆಲ್ಲಗೆ ಕೇಳಿದಳು. "ನನ್ನವ್ವಾ... ನಿನಗ ಏನ್ ತಿನಬೇಕ ಅನಸತೈತಿ?"

ಶಿವಲೀಲಾ ಅವಳ ಕಡೆ ತಿರುಗಿದಳು.

"ನಾಕ್ ವರ್ಷದಾಗ ಇವತ್ತ ಕೇಳಿದಿ ನೋಡಬೇ..." ಎಂದಳು. "ಒಂದು ಬಿಸಿ ರೊಟ್ಟಿ."

ಕಾಶವ್ವ ಅಳುತ್ತಲೇ ಎದ್ದು ಹಿಟ್ಟು ನಾದಲು ಕೂತಳು. ನಾನು ಹೇಳದೆ ಕೇಳದೆ ಮನೆಗೆ ಬಂದುಬಿಟ್ಟೆ.

*ಪ್ರೀತಿಯಿಂದ ಬಡಿಸುವುದಕ್ಕೆ ಮೊದಲು, ಪ್ರೀತಿಯಿಂದ ಒಂದು ಮಾತು ಕೇಳಬೇಕು.*

ನಿಮ್ಮ ಮನೆಯಲ್ಲಿ "ನನಗೆ ಇದು ಆಗ್ತಿಲ್ಲ" ಎಂದು ಯಾರೋ ಎಷ್ಟೋ ದಿನದಿಂದ ಹೇಳುತ್ತಿರಬಹುದು... ನೀವು ಕೇಳಿಸಿಕೊಂಡಿದ್ದೀರಾ?