ಹಂಪ್ ಇದ್ದ ಜಾಗ

ಶಾಲೆಯ ಮುಂದಿದ್ದ ಹಂಪ್‌ಗಳನ್ನು ಕಿತ್ತುಹಾಕಿ ಮೂರು ವರ್ಷವಾಗಿತ್ತು. ಆ ಜಾಗದಲ್ಲಿ ಈಗ ಮಕ್ಕಳು ನಿಲ್ಲುತ್ತಿದ್ದರು. ಅಲ್ಲಿ ಜೋರಾಗಿ ಗಾಡಿ ಓಡಿಸಿ ಸಿಕ್ಕಿಬಿದ್ದವರ ಸ್ವಂತ ಮಕ್ಕಳು. ಇಪ್ಪತ್ತೈದರ ಮಿತಿಗಿಂತ ಎಷ್ಟು ಕಿಲೋಮೀಟರ್ ಹೆಚ್ಚೋ ಅಷ್ಟು ದಿನ. ಅಪಘಾತಗಳು ಕಡಿಮೆಯಾದವೆಂದು ಊರೆಲ್ಲ ಕಾನೂನನ್ನು ಹೊಗಳುತ್ತಿತ್ತು.

ಟೆಂಪೊ ಡ್ರೈವರ್ ಸಿದ್ದಪ್ಪಾಜಿಯ ಮಗಳು ಭೂಮಿಕಾಳಿಗೆ ಇವತ್ತು ಹದಿನೇಳನೆಯ ದಿನ, ಕೊನೆಯ ದಿನ. ಮೂರನೇ ಕ್ಲಾಸಿನ ಹುಡುಗಿ ಪಳಗಿಹೋಗಿದ್ದಳು. ‘ನಿಧಾನ’ ಎಂದು ಬರೆದ ಹಲಗೆ ಹಿಡಿದು, ನಡುರಸ್ತೆಯ ಬಿಳಿ ವೃತ್ತದೊಳಗೆ ತಾನೇ ಹೋಗಿ ನಿಂತಳು. ಒಂದು ಲಾರಿ ಕಿರ್ರೆಂದು ಬ್ರೇಕ್ ಹಾಕಿ ಗೇಣುದೂರದಲ್ಲಿ ನಿಂತಿತು. ಅವಳು ರೆಪ್ಪೆ ಬಡಿಯಲಿಲ್ಲ.

ದಿನವೂ ಅವಳನ್ನು ಇಳಿಸಿದವನೇ ಹಿಂತಿರುಗಿ ನೋಡದೆ ಹೋಗಿಬಿಡುತ್ತಿದ್ದ ಸಿದ್ದಪ್ಪಾಜಿ, ಇವತ್ತು ಬಿಡುಗಡೆ ಚೀಟಿಗೆ ಸಹಿ ಹಾಕಿಸಿಕೊಳ್ಳಲು ರಸ್ತೆಬದಿಯಲ್ಲೇ ಕಾದಿದ್ದ.

ಹೆಡ್ ಕಾನ್‌ಸ್ಟೇಬಲ್ ಮಂಗಳಮ್ಮ ಮೊಬೈಲ್ ನೋಡಿದರು. “ಸಹಿ ಹಾಕಕ್ಕಾಗಲ್ಲ ಕಣಪ್ಪ. ನೆನ್ನೆ ಮಗೀನ ಇಳಿಸ್ಬುಟ್ಟು ನಲವತ್ತರಲ್ಲಿ ಹೋಗಿದ್ದೀಯ.”

“ಅವಳು ನಿಂತಿರೋದ ನೋಡಕ್ಕಾಗ್ನಿಲ್ಲ ಮೇಡಂ, ಅದಕ್ಕೇ...”

“ಎಲ್ರೂ ಅದ್ನೇ ಹೇಳೋದು. ಎರಡನೇ ಸಲ ಸಿಕ್ಕಿಬಿದ್ರೆ ಎರಡನೇ ಮಗೂನೂ ನಿಲ್ಬೇಕು. ನಾಳೆಯಿಂದ ಹದಿನೈದು ದಿನ ಚಿಕ್ಕೋನ್ನೂ ಕರ್ಕೊಂಡು ಬಾ.”

“ಅವನಿಗಿನ್ನೂ ಒಂಬತ್ತು ತಿಂಗ್ಳು! ನಿಲ್ಲಕ್ಕೇ ಬರಲ್ಲ.”

“ಅಕ್ಕ ಎತ್ಕೊಳ್ಳಲಿ,” ಎಂದು ಮಂಗಳಮ್ಮ ಮುಂದಿನವರ ಚೀಟಿಗೆ ಕೈಚಾಚಿದರು.

ವೃತ್ತದೊಳಗಿದ್ದ ಭೂಮಿಕಾಳಿಗೆ ಎಲ್ಲವೂ ಕೇಳಿಸಿತ್ತು. ಅವಳು ಹಲಗೆಯನ್ನು ಬಲಗೈಗೆ ದಾಟಿಸಿ, ಎಡ ಸೊಂಟವನ್ನು ಓರೆ ಮಾಡಿ ನೋಡಿಕೊಂಡಳು.